ಒಂದೇ ಕಾಸು, ನಾಲ್ಕು ಬೆಲೆ: ಆನ್‌ಲೈನ್ ಹರಾಜಿನ ದಾಖಲೆ ಇಟ್ಟ ಸಂಗ್ರಾಹಕರೊಬ್ಬರ ಪ್ರಕರಣ

ಈ ಪ್ರಕರಣವನ್ನು ಸಂಬಂಧಪಟ್ಟವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಅವರ ಊರು, ವಯಸ್ಸು, ಕುಟುಂಬದ ವಿವರಗಳನ್ನು ಬದಲಿಸಿದ್ದೇನೆ. ಹರಾಜು ನಡೆಸುವ ತಾಣಗಳ ಹೆಸರೂ ಅವರು ಬಳಸುವ ತಂತ್ರಾಂಶದ ಹೆಸರೂ ಇಲ್ಲಿ ಬರುವುದಿಲ್ಲ. ಬೆಲೆಗಳನ್ನೆಲ್ಲ ಒಂದೇ ಪ್ರಮಾಣದಲ್ಲಿ ಬದಲಿಸಿರುವುದರಿಂದ ಅವನ್ನು ಮಾರುಕಟ್ಟೆಯ ದರವೆಂದು ಯಾರೂ ಹಿಡಿಯಬಾರದು. ನಾಣ್ಯಗಳ ವಿವರವನ್ನು ಮಾತ್ರ ಇದ್ದಂತೆಯೇ ಉಳಿಸಿಕೊಂಡಿದ್ದೇನೆ, ಏಕೆಂದರೆ ಪ್ರಕರಣದ ಗಂಟು ಬಿಚ್ಚಿಕೊಂಡದ್ದು ಒಂದು ನಾಣ್ಯದ ಅಂಚಿನಲ್ಲಿ.

ಹಿನ್ನೆಲೆ

ಮೇಷ್ಟ್ರು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತರಾದವರು. ಸೇವೆಯ ಕೊನೆಯ ವರ್ಷಗಳಲ್ಲಿ ಒಂದು ದಿನ, ಮೈಸೂರು ಸಂಸ್ಥಾನದ ಪಾಠ ನಡೆಯುತ್ತಿದ್ದಾಗ, ವಿದ್ಯಾರ್ಥಿನಿಯೊಬ್ಬಳು ಮನೆಯಿಂದ ತಾಮ್ರದ ನಾಣ್ಯವೊಂದನ್ನು ತಂದು ಅವರ ಮೇಜಿನ ಮೇಲಿಟ್ಟಳು. ಒಂದು ಬದಿಯಲ್ಲಿ ಆನೆ, ಅದರ ಮೇಲೆ ಸೂರ್ಯಚಂದ್ರರ ನಡುವೆ ‘ಶ್ರೀ’. ಇನ್ನೊಂದು ಬದಿಯಲ್ಲಿ ಕನ್ನಡದಲ್ಲಿ ‘ಮಯಿಲಿ ಕಾಸು’, ಜೊತೆಗೆ ಇಂಗ್ಲಿಷ್ ಅಕ್ಷರಗಳಲ್ಲಿ ಮೌಲ್ಯ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ನಾಣ್ಯ ಅದು. ಮೂವತ್ತು ವರ್ಷ ಆ ಪಾಠ ಮಾಡಿದ್ದರೂ, ಆ ರಾಜ್ಯ ಕನ್ನಡದಲ್ಲಿ ಟಂಕಿಸಿದ ಅಕ್ಷರಗಳನ್ನು ಬೆರಳಿನಿಂದ ಸವರಿ ಓದಿದ್ದು ಅವರಿಗೆ ಅದೇ ಮೊದಲು. ನಾಣ್ಯವನ್ನು ಹುಡುಗಿಗೆ ಹಿಂದಿರುಗಿಸಿದರು. ನಿವೃತ್ತರಾದ ಮರುತಿಂಗಳಿನಿಂದಲೇ ಅಂಥದ್ದೊಂದನ್ನು ಹುಡುಕತೊಡಗಿದರು.

ಹುಡುಕಾಟ ಎರಡು ಕವಲಾಯಿತು. ಮಯಿಲಿ ಕಾಸಿನ 5, 10, 20ರ ನಾಣ್ಯಗಳು ಒಂದು ಕಡೆ. ಟಿಪ್ಪು ಸುಲ್ತಾನನ ತಾಮ್ರದ ಆನೆ ನಾಣ್ಯಗಳು ಇನ್ನೊಂದು ಕಡೆ. ಟಿಪ್ಪುವಿನ ನಾಣ್ಯಗಳಿಗೆ ಗ್ರಹ ನಕ್ಷತ್ರಗಳ ಹೆಸರುಗಳಿವೆ: ಪೈಸೆ ಜೊಹ್ರಾ ಎಂದರೆ ಶುಕ್ರ, ಅರ್ಧ ಪೈಸೆ ಬಹ್ರಾಮ್ ಎಂದರೆ ಮಂಗಳ, ಕಾಲು ಪೈಸೆ ಅಖ್ತರ್ ಎಂದರೆ ನಕ್ಷತ್ರ, ಅದರಲ್ಲಿ ಅರ್ಧದ್ದು ಕುತುಬ್ ಎಂದರೆ ಧ್ರುವ. ಟಂಕಸಾಲೆಗಳೂ ಹಲವು. ಪಟ್ಟನ್ ಎಂದರೆ ಶ್ರೀರಂಗಪಟ್ಟಣ, ನಗರ್ ಎಂದರೆ ಬಿದನೂರು, ಫರೂಖ್‌ಯಾಬ್ ಹಿಸಾರ್ ಎಂದರೆ ಚಿತ್ರದುರ್ಗ, ಖುರ್ಷಿದ್ ಸವಾದ್ ಎಂದರೆ ಧಾರವಾಡ, ಫೈಜ್ ಹಿಸಾರ್ ಎಂದರೆ ಗುತ್ತಿ. ಪಾಠ ಹೇಳಿದವರಿಗೆ ಇದು ತವರಿನ ವಿಷಯ. ತಿಂಗಳಿಗೆ ನಾಲ್ಕು ಸಾವಿರ ರೂಪಾಯಿಯನ್ನು ಪಿಂಚಣಿಯಿಂದ ಇದಕ್ಕೆಂದು ತೆಗೆದಿಟ್ಟರು.

ಅವರು ಮೂರು ಕಡೆ ಕಣ್ಣಿಟ್ಟಿದ್ದರು. ಒಂದು, ಯಾರು ಬೇಕಾದರೂ ಏನನ್ನಾದರೂ ಮಾರಬಹುದಾದ ಹೊರದೇಶದ ದೊಡ್ಡ ತಾಣ. ಅಲ್ಲಿ ಭಾರತದ ಮಾರಾಟಗಾರರೂ ಇದ್ದಾರೆ. ಉಳಿದೆರಡು, ನಾಣ್ಯಗಳನ್ನೇ ಹರಾಜು ಹಾಕುವ ಭಾರತೀಯ ಸಂಸ್ಥೆಗಳು. ಮೂರನ್ನೂ ಒಂದೇ ಕಡೆ ಕಾಣಲು ಲ್ಯಾಪ್‌ಟಾಪಿನಲ್ಲಿ ಹರಾಜು ಗಮನಿಸುವ ತಂತ್ರಾಂಶವೊಂದನ್ನು ಹಾಕಿಸಿಕೊಂಡಿದ್ದರು. ಬೇಕೆನಿಸಿದ ಲಾಟನ್ನು, ಎಂದರೆ ಹರಾಜಿಗಿಟ್ಟ ವಸ್ತುವನ್ನು, ವಾಚ್‌ಲಿಸ್ಟಿಗೆ ಸೇರಿಸಿದರೆ ಸಾಕು, ಅದು ಬೆಲೆಯನ್ನು ಆಗಾಗ ತಂದು ತೋರಿಸುತ್ತದೆ, ಮುಗಿಯುವ ಮೊದಲು ಎಚ್ಚರಿಸುತ್ತದೆ, ಮುಗಿದ ಮೇಲೆ ಕೊನೆಯ ಬೆಲೆಯನ್ನು ಬರೆದಿಟ್ಟುಕೊಳ್ಳುತ್ತದೆ.

ನಾನು ಲೆಕ್ಕ ತಪಾಸಣೆಯ ಕೆಲಸದವನು. ಸಂಗ್ರಾಹಕರ ಭಾನುವಾರದ ಕೂಟವೊಂದರಲ್ಲಿ ಪರಿಚಯವಾದ ಮೇಲೆ ಅವರು ಒಮ್ಮೆ ಫೋನ್ ಮಾಡಿ, “ನನ್ನ ಪಟ್ಟಿ ನನಗೇ ಅರ್ಥವಾಗುತ್ತಿಲ್ಲ, ಒಂದು ಸಲ ನೋಡುತ್ತೀರಾ?” ಎಂದು ಕೇಳಿದರು.

ತೊಡಕು

ನಾನು ನೋಡಿದ ದಿನ ವಾಚ್‌ಲಿಸ್ಟಿನಲ್ಲಿ 640 ಸಾಲುಗಳಿದ್ದವು. ಕೊಳ್ಳಲೇಬೇಕೆಂದವು, ಬೆಲೆ ಎಷ್ಟಾಗುತ್ತದೆ ನೋಡೋಣ ಎಂದವು, ಚಿತ್ರ ಚೆನ್ನಾಗಿದೆ ಎಂದವು, ಟಂಕಸಾಲೆಯ ಹೆಸರು ಓದಿ ಕಲಿಯಲು ಇಟ್ಟುಕೊಂಡವು, ಎಂದೋ ಮುಗಿದುಹೋದವು, ಎಲ್ಲವೂ ಒಂದೇ ರಾಶಿ. ದಿನಕ್ಕೆ ಹತ್ತಾರು ಎಚ್ಚರಿಕೆಗಳು ಬರುತ್ತಿದ್ದವು. ಬರುಬರುತ್ತ ಅವರು ಯಾವುದನ್ನೂ ತೆರೆದು ನೋಡುತ್ತಿರಲಿಲ್ಲ.

ಇದರಿಂದ ಆಗಲೇ ಒಂದು ನಷ್ಟವಾಗಿತ್ತು. ಧಾರವಾಡದ ಟಂಕಸಾಲೆಯ ಪೈಸೆಯೊಂದು ನವೆಂಬರಿನ ಮೊದಲ ವಾರ ಮುಗಿಯುವುದಿತ್ತು. ಆ ತಾಣದ ಗಡಿಯಾರ ಅಮೆರಿಕದ ಪಶ್ಚಿಮ ಕರಾವಳಿಯದು. ಬೇಸಿಗೆಯಲ್ಲಿ ಅದು ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ನವೆಂಬರಿನ ಮೊದಲ ಭಾನುವಾರ ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ ಹದಿಮೂರೂವರೆ ಗಂಟೆ. ತಂತ್ರಾಂಶದ ಹೊಂದಿಕೆಯಲ್ಲಿ ಮೇಷ್ಟ್ರು ವ್ಯತ್ಯಾಸವನ್ನು ಕೈಯಾರೆ ಬರೆದಿಟ್ಟಿದ್ದರು, ಅದು ಬದಲಾಗಲಿಲ್ಲ. ಪಟ್ಟಿಯ ಪ್ರಕಾರ ಹರಾಜು ಮುಗಿದಿತ್ತು. ಕೈತಪ್ಪಿತೆಂದುಕೊಂಡು ಅವರು ಮಲಗಿದರು. ನಿಜವಾಗಿ ಇನ್ನೂ ಒಂದು ಗಂಟೆ ಉಳಿದಿತ್ತು, ನಾಣ್ಯ ಅವರು ಕೊಡಲು ಸಿದ್ಧರಿದ್ದ ಬೆಲೆಯ ಅರ್ಧಕ್ಕೆ ಹೋಯಿತು.

ಬೆಲೆಯ ದಾಖಲೆಯ ಗೊಂದಲ ಇದಕ್ಕಿಂತ ಆಳದ್ದು. ಡಾಲರ್, ಪೌಂಡ್, ರೂಪಾಯಿ ಪಟ್ಟಿಯ ಒಂದೇ ಕಂಬದಲ್ಲಿ (ಕಾಲಂನಲ್ಲಿ) ಇದ್ದವು. ಎಲ್ಲವನ್ನೂ ರೂಪಾಯಿಗೆ ತಿರುಗಿಸಿ ತೋರಿಸುವ ಸೌಲಭ್ಯವಿತ್ತು ನಿಜ. ಆದರೆ ತಂತ್ರಾಂಶ ಪ್ರತಿ ಸಲ ತಿರುಗಿಸುತ್ತಿದ್ದುದು ಅಂದಂದಿನ ವಿನಿಮಯ ದರದಲ್ಲಿ. ಎರಡು ವರ್ಷದ ಹಿಂದೆ ಮುಗಿದ ಹರಾಜಿನ ಬೆಲೆ ಜನವರಿಯಲ್ಲಿ ಒಂದಿದ್ದರೆ ಜೂನ್‌ನಲ್ಲಿ ಮತ್ತೊಂದಾಗುತ್ತಿತ್ತು. ರೂಪಾಯಿ ಇಳಿದಂತೆಲ್ಲ ಹಳೆಯ ನಾಣ್ಯಗಳ ಹಳೆಯ ಬೆಲೆಗಳು ತಾವಾಗಿಯೇ ಏರುತ್ತಿದ್ದವು. ಒಂದು ವರ್ಷ ಬಳಸಿದ ಮೇಲೂ ಮೇಷ್ಟ್ರಿಗೆ ಇದು ಹೊಳೆದಿರಲಿಲ್ಲ. ಲೆಕ್ಕದ ಕೆಲಸದವನಾದ ನನಗೂ ಇದು ಗೊತ್ತಾದದ್ದು, ಒಂದೇ ಸಾಲನ್ನು ಎರಡು ಭಾನುವಾರ ಮುದ್ರಿಸಿ ಪಕ್ಕಪಕ್ಕ ಇಟ್ಟಾಗ.

ಇನ್ನೊಂದು ವ್ಯತ್ಯಾಸ: ನಾಣ್ಯ ಹರಾಜಿನ ಸಂಸ್ಥೆಗಳಲ್ಲಿ ಗೆದ್ದವರು ಕೂಗಿನ ಬೆಲೆಯ ಮೇಲೆ ಕಮಿಷನ್, ಅದರ ತೆರಿಗೆ ಮತ್ತು ಸಾಗಾಟದ ವೆಚ್ಚ ಕೊಡಬೇಕು. ದೊಡ್ಡ ತಾಣದಲ್ಲಿ ಕೊಳ್ಳುವವರಿಗೆ ಕಮಿಷನ್ ಇರಲಿಲ್ಲ, ಹೊರದೇಶದಿಂದ ಬಂದರೆ ಸುಂಕ ಬೀಳುತ್ತಿತ್ತು. ದಾಖಲೆಯಲ್ಲಿ ಒಮ್ಮೆ ಕೂಗಿನ ಬೆಲೆ ಇತ್ತು, ಒಮ್ಮೆ ಕೈಯಿಂದ ಹೋದ ಒಟ್ಟು ಹಣ ಇತ್ತು.

ಟಿಪ್ಪಣಿಗಳದ್ದು ಬೇರೆಯೇ ಕಥೆ. ಮೇಷ್ಟ್ರು ಕನ್ನಡದಲ್ಲೇ ಟಿಪ್ಪಣಿ ಬರೆಯುವವರು. ಮೊದಲ ವರ್ಷದವು ಹಳೆಯ, ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ) ಅಲ್ಲದ ಫಾಂಟಿನಲ್ಲಿದ್ದವು. ತಂತ್ರಾಂಶಕ್ಕೆ ನಕಲಿಸಿದಾಗ ‘ಸೊಂಡಿಲು ಸವೆದಿದೆ’ ಎಂಬುದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗಿ ನಿಂತಿತ್ತು. ಅವನ್ನೆಲ್ಲ ಪರಿವರ್ತಕದ ಮೂಲಕ ಹಾಯಿಸಿ, ಒಂದೊಂದನ್ನೂ ಕಣ್ಣಿನಿಂದ ಓದಿ ತಿದ್ದಬೇಕಾಯಿತು. ಕನ್ನಡದಲ್ಲಿ ದಾಖಲೆ ಇಡುವವರು ಮೊದಲ ದಿನವೇ ಯೂನಿಕೋಡಿನಲ್ಲಿ ಇಡಬೇಕು. ಕಡತವನ್ನು ಹೊರತೆಗೆಯುವಾಗಲೂ ಯುಟಿಎಫ್-8 ಎಂಬ ಆಯ್ಕೆಯನ್ನೇ ಒತ್ತಬೇಕು. ಇಲ್ಲವಾದರೆ ಅಕ್ಷರಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಉಳಿಯುತ್ತವೆ, ಅವುಗಳಿಂದ ಅಕ್ಷರವನ್ನು ಮರಳಿ ಪಡೆಯುವ ದಾರಿ ಇಲ್ಲ.

ಮೊದಲು ಮಾಡಿದ್ದು

ಮೊದಲ ತಿಂಗಳು ನಾವು ಪಟ್ಟಿಗೆ ಬಣ್ಣ ಹಚ್ಚಿದೆವು. ಟಿಪ್ಪುವಿಗೆ ಹಸಿರು, ಒಡೆಯರಿಗೆ ಕೆಂಪು, ಕಲಿಯಲು ಇಟ್ಟವಕ್ಕೆ ಹಳದಿ. ನೋಡಲು ಚೆಂದವಾಯಿತು, ಬಳಸಲು ಮೊದಲಿನಂತೆಯೇ ಉಳಿಯಿತು. ಸಾಲುಗಳ ಸಂಖ್ಯೆ ಕಡಿಮೆಯಾಗದೆ ಬಣ್ಣದಿಂದ ಏನೂ ಆಗದು.

ಆಮೇಲೆ ಹುಡುಕುಪದಗಳ ಮೇಲೆ ಕೈಹಾಕಿದೆವು. ಮಾರಾಟಗಾರರು ಟಿಪ್ಪುವಿನ ಹೆಸರನ್ನು ಇಂಗ್ಲಿಷಿನಲ್ಲಿ ಒಂದು ‘ಪಿ’ಯಿಂದ, ಎರಡು ‘ಪಿ’ಯಿಂದ, ಕೊನೆಯಲ್ಲಿ ‘ಯು’ ಇಟ್ಟು, ಎರಡು ‘ಓ’ ಇಟ್ಟು, ನಾಲ್ಕೈದು ಬಗೆಯಾಗಿ ಬರೆಯುತ್ತಾರೆ. ಹಲವರು ಬರೀ ‘ಆನೆ ನಾಣ್ಯ, ಮೈಸೂರು’ ಎಂದು ಬಿಡುತ್ತಾರೆ, ಅದರೊಳಗೆ ಒಡೆಯರ ಕಾಸೂ ಸೇರಿಬಿಡುತ್ತದೆ. ವರ್ಷದ ವಿಷಯ ಇನ್ನೂ ತೊಡಕಿನದು. ಟಿಪ್ಪು ತನ್ನ ಆಳ್ವಿಕೆಯ ನಡುವೆ ಮೌಲೂದಿ ಎಂಬ ಹೊಸ ಶಕೆಯನ್ನು ತಂದ; ಆ ಶಕೆಯ ನಾಣ್ಯಗಳಲ್ಲಿ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಇದನ್ನು ತಿಳಿಯದ ಮಾರಾಟಗಾರರು ತಲೆಕೆಳಗಾದ ವರ್ಷವನ್ನು ಶೀರ್ಷಿಕೆಯಲ್ಲಿ ಹಾಕುತ್ತಾರೆ. ಹಾಗಾಗಿ ಶೀರ್ಷಿಕೆ ನಂಬಿ ವಿಂಗಡಿಸಿದ ದಾಖಲೆಯಲ್ಲಿ ನಗರ್ ಟಂಕಸಾಲೆಯ ಪೈಸೆ ಪಟ್ಟನ್ ಸಾಲಿಗೆ ಹೋಗಿರುತ್ತದೆ, ಒಂದು ವರ್ಷದ್ದು ಇನ್ನೊಂದಕ್ಕೆ ಹೋಗಿರುತ್ತದೆ. ಮೇಷ್ಟ್ರು ಚಿತ್ರ ನೋಡಿ ತಾವೇ ಓದಿ ಬರೆಯತೊಡಗಿದರು. ಇದು ನಿಧಾನದ ಕೆಲಸ, ಆದರೆ ಇಡೀ ಪ್ರಯತ್ನದಲ್ಲಿ ಮೊದಲು ಫಲ ಕೊಟ್ಟದ್ದು ಇದೇ.

ಬೆಲೆಗಳು ವಿಪರೀತ ಚದುರಿದ್ದವು. ಅದಕ್ಕೆ ನಾನು ಸೂಚಿಸಿದ ಮದ್ದು, ಸರಾಸರಿಯನ್ನು ಬಿಟ್ಟು ಮಧ್ಯಾಂಕವನ್ನು ಹಿಡಿಯುವುದು. ಬೆಲೆಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ ನಡುವಿನದನ್ನು ತೆಗೆದುಕೊಂಡರೆ ಒಂದೆರಡು ಹುಚ್ಚು ಬೆಲೆಗಳು ಲೆಕ್ಕ ಕೆಡಿಸುವುದಿಲ್ಲ ಎಂಬುದು ಶಾಲೆಯ ಪಾಠ. ಮೇಷ್ಟ್ರು ಒಪ್ಪಿದರು. ನನ್ನ ಈ ಸಲಹೆ ತಪ್ಪಾಗಿರಲಿಲ್ಲ, ಆದರೆ ರೋಗ ಬೇರೆ ಕಡೆ ಇತ್ತು. ಅದು ತಿಳಿಯಲು ನಾಣ್ಯವೊಂದು ಮನೆಗೆ ಬರಬೇಕಾಯಿತು.

ತಿರುವು

20 ಮಯಿಲಿ ಕಾಸಿನ ಒಳ್ಳೆಯ ನಾಣ್ಯವೊಂದು ದೊಡ್ಡ ತಾಣದಲ್ಲಿ ಹರಾಜಿಗೆ ಬಂತು. ದಾಖಲೆಯಲ್ಲಿ ಅದೇ ಮಟ್ಟದ ನಾಣ್ಯಗಳ ಮೂರು ಇತ್ತೀಚಿನ ಮಾರಾಟಗಳಿದ್ದವು: 3,100 ರೂಪಾಯಿ, ಮೂರು ವಾರದ ನಂತರ 3,900, ಮತ್ತೆ ಎರಡು ತಿಂಗಳಿಗೆ 4,600. ಮಧ್ಯಾಂಕ 3,900 ಎಂದು ಕಾಗದ ಹೇಳುತ್ತಿದ್ದರೂ ಕಣ್ಣಿಗೆ ಕಂಡದ್ದು ಏರುಮುಖ. “ಈಗ ಬಿಟ್ಟರೆ ಮುಂದೆ ಎಟುಕುವುದಿಲ್ಲ” ಎಂದರು ಮೇಷ್ಟ್ರು. ನಾನೂ ತಡೆಯಲಿಲ್ಲ. 5,500ರ ಮಿತಿ ಇಟ್ಟು ಕೂಗಿದರು. 5,200ಕ್ಕೆ ನಾಣ್ಯ ಅವರದಾಯಿತು. ಅಂಚೆಯೂ ಸೇರಿ 5,350 ರೂಪಾಯಿ. ಆ ತಿಂಗಳ ಹಣ ಮುಗಿದು ಮುಂದಿನ ತಿಂಗಳಿನದಕ್ಕೂ ಕೈಹೋಯಿತು.

ನಾಣ್ಯ ಬಂದ ಭಾನುವಾರ ನಾನು ಅವರ ಮನೆಯಲ್ಲಿದ್ದೆ. ತೂಕ ಬರೆದುಕೊಂಡು, ಎರಡೂ ಬದಿಯ ಚಿತ್ರ ತೆಗೆದು ದಾಖಲೆಗೆ ಸೇರಿಸುತ್ತಿದ್ದೆವು. ಹಿಂದಿನ ಮೂರರ ಚಿತ್ರಗಳನ್ನು ಪಕ್ಕದಲ್ಲಿಟ್ಟು ಹೋಲಿಸೋಣ ಎಂದು ಅವರೇ ಹೇಳಿದರು. ಆನೆಯ ಬಾಲದ ಕೆಳಗೆ ಅಂಚಿನಲ್ಲಿ ಒಂದು ಸಣ್ಣ ಕಚ್ಚು. ಹಿಮ್ಮುಖದಲ್ಲಿ ‘ಮ’ ಅಕ್ಷರದ ಹೊಟ್ಟೆಯೊಳಗೆ ಎಳ್ಳುಕಾಳಿನಷ್ಟು ಹಸಿರು ಕಿಲುಬು. ಮೊದಲ ಚಿತ್ರದಲ್ಲಿ ಅದೇ ಕಚ್ಚು, ಅದೇ ಕಿಲುಬು. ಎರಡನೆಯದರಲ್ಲಿ ಬೆಳಕು ಬೇರೆ, ಹಿನ್ನೆಲೆಯ ಬಟ್ಟೆ ಬೇರೆ, ಕಚ್ಚು ಅದೇ. ಮೂರನೆಯದರಲ್ಲೂ ಅದೇ. ಮೂರು ಮಾರಾಟಗಳೆಂದು ನಾವು ಎಣಿಸಿದ್ದು ಒಂದೇ ನಾಣ್ಯದ ಮೂರು ಬರವುಗಳು. ನಾಲ್ಕನೆಯ ಬರವು ಮೇಷ್ಟ್ರ ಅಂಗೈಯಲ್ಲಿತ್ತು.

ಹೀಗಾಗಲು ಹಲವು ಕಾರಣಗಳಿರಬಹುದು. ಗೆದ್ದವರು ಹಣ ಕಟ್ಟದೆ ಹೋದರೆ ನಾಣ್ಯ ಮತ್ತೆ ಹರಾಜಿಗೆ ಬರುತ್ತದೆ. ಮೆಚ್ಚದೆ ಹಿಂದಿರುಗಿಸಿದರೂ ಬರುತ್ತದೆ. ಮಾರುವವರ ಕಡೆಯವರೇ ಬೆಲೆ ಏರಿಸಲು ಕೂಗಿ, ತಪ್ಪಿ ತಾವೇ ಗೆದ್ದುಬಿಡುವುದೂ ಉಂಟು. ಇಲ್ಲಿ ನಡೆದದ್ದು ಯಾವುದೆಂದು ಹೇಳಲು ನಮ್ಮಲ್ಲಿ ಆಧಾರವಿಲ್ಲ, ಯಾರ ಮೇಲೂ ದೂರು ಹೊರಿಸುವ ಹಕ್ಕೂ ಇಲ್ಲ. ದಾಖಲೆಗೆ ಸಂಬಂಧಿಸಿದ ಸತ್ಯ ಒಂದೇ: ‘ಕೊನೆಯ ಬೆಲೆ’ ಎಂದು ತಂತ್ರಾಂಶ ಬರೆದಿಟ್ಟುಕೊಂಡ ಮಾತ್ರಕ್ಕೆ ಹಣ ಕೈಬದಲಾಯಿಸಿದೆ ಎಂದಲ್ಲ.

ಮೇಷ್ಟ್ರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದ ಮಾತನ್ನು ಹಾಗೆಯೇ ಬರೆಯುತ್ತೇನೆ: “ನೀವು ಹೇಳಿದ ಮಧ್ಯಾಂಕ ಸರಿಯೇ. ಆದರೆ ಒಂದೇ ಹುಡುಗ ಮೂರು ಸಲ ಹಾಜರಿ ಹೇಳಿದರೆ ತರಗತಿಯಲ್ಲಿ ಮೂವರಿದ್ದಾರೆಂದು ಬರೆದುಕೊಳ್ಳುತ್ತೇವೆಯೇ?”

ಆ ಮಾತಿನಿಂದ ದಾಖಲೆಯ ಅಡಿಪಾಯವೇ ಬದಲಾಯಿತು. ಅಲ್ಲಿಯವರೆಗೆ ನಮ್ಮ ಒಂದು ಸಾಲು ಎಂದರೆ ಒಂದು ಹರಾಜು. ಅಂದಿನಿಂದ ಒಂದು ನಾಣ್ಯಕ್ಕೆ ಒಂದು ಕ್ರಮಸಂಖ್ಯೆ. ಅದು ಎಷ್ಟು ಸಲ ಹರಾಜಿಗೆ ಬಂದರೂ ಆ ಸಂಖ್ಯೆಯ ಕೆಳಗೆ ಒಂದೊಂದು ಸಾಲು. ಶಾಲೆಯ ಹಾಜರಿ ಪುಸ್ತಕದ ಕ್ರಮವೇ ಅದು.

ಮರುಜೋಡಣೆ

ನಾಲ್ಕು ತಿಂಗಳ ಭಾನುವಾರದ ಮಧ್ಯಾಹ್ನಗಳು ಇದಕ್ಕೆ ಹೋದವು. 640 ಸಾಲುಗಳಲ್ಲಿ 270ಕ್ಕೆ ಚಿತ್ರವೇ ಇರಲಿಲ್ಲ. ತಂತ್ರಾಂಶ ಚಿತ್ರದ ಕೊಂಡಿಯನ್ನು ಮಾತ್ರ ಇಟ್ಟುಕೊಂಡಿತ್ತು, ಹರಾಜು ಮುಗಿದು ಕೆಲವು ತಿಂಗಳಾದ ಮೇಲೆ ತಾಣದವರು ಆ ಪುಟವನ್ನೇ ತೆಗೆದಿದ್ದರು. ಚಿತ್ರವಿಲ್ಲದ ಸಾಲನ್ನು ಬೆಲೆಯ ಲೆಕ್ಕಕ್ಕೆ ಹಿಡಿಯಬಾರದೆಂದು ನಾನು ಪಟ್ಟುಹಿಡಿದೆ. ಮೇಷ್ಟ್ರಿಗೆ ನೋವಾಯಿತು, ಎರಡು ವರ್ಷದ ಶ್ರಮದಲ್ಲಿ ಅರ್ಧದ ಹತ್ತಿರ ಅದು. ಕೊನೆಗೆ ಅಳಿಸದೆ ಬೇರೆ ಕಡತದಲ್ಲಿ ಇಡುವುದೆಂದು ತೀರ್ಮಾನವಾಯಿತು. ಉಳಿದ 370 ಸಾಲುಗಳ ಚಿತ್ರಗಳನ್ನು ಒಂದಕ್ಕೊಂದು ಹೋಲಿಸಿದಾಗ ಅವು 289 ನಾಣ್ಯಗಳೆಂದು ತಿಳಿಯಿತು. ಕೈಯಿಂದ ಅಚ್ಚೊತ್ತಿದ ತಾಮ್ರದ ನಾಣ್ಯಕ್ಕೆ ಇದು ಸಾಧ್ಯ. ಅಚ್ಚು ಸರಿದ ರೀತಿ, ಅಂಚಿನ ಬಿರುಕು, ಕಿಲುಬಿನ ಕಲೆ, ಇವು ಬೆರಳಚ್ಚಿನಂತೆ ಒಂದೊಂದಕ್ಕೂ ಬೇರೆ. ಯಂತ್ರದಲ್ಲಿ ಅಚ್ಚಾದ ಈಚಿನ ನಾಣ್ಯಗಳಲ್ಲಿ ಇಷ್ಟು ಸುಲಭವಾಗದು.

ಹೊಸ ದಾಖಲೆಯಲ್ಲಿ ಬೆಲೆಗೆ ಒಂದೇ ಕಂಬ ಸಾಲದೆ ಐದಾದವು: ಕೂಗಿನ ಬೆಲೆ ಮೂಲ ಕರೆನ್ಸಿಯಲ್ಲಿ, ಅಂದಿನ ವಿನಿಮಯ ದರ, ಕಮಿಷನ್ ಮತ್ತು ತೆರಿಗೆ, ಸಾಗಾಟ ಮತ್ತು ಸುಂಕ, ಕೊನೆಗೆ ರೂಪಾಯಿಯಲ್ಲಿ ಒಟ್ಟು. ವಿನಿಮಯ ದರವನ್ನು ಅಂದೇ ಬರೆದಿಟ್ಟರೆ ಹಳೆಯ ಬೆಲೆ ಮತ್ತೆಂದೂ ಅಲುಗುವುದಿಲ್ಲ.

ಭಾರತದೊಳಗಿನ ಮಾರಾಟ, ಹೊರಗಿನ ಮಾರಾಟ ಎಂದು ಬೇರ್ಪಡಿಸಿದ್ದು ಇನ್ನೊಂದು ಹೆಜ್ಜೆ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾವಸ್ತು. ಖಾಸಗಿಯವರು ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ. ಹಾಗಾಗಿ ಲಂಡನ್ನಿನಲ್ಲೋ ನ್ಯೂಯಾರ್ಕಿನಲ್ಲೋ ಮಾರಾಟವಾಗುವ ಮೈಸೂರಿನ ಕಾಸು ಒಂದು ಕೊಳದ ಮೀನು, ಬೆಂಗಳೂರಿನದು ಇನ್ನೊಂದು ಕೊಳದ್ದು. ಇಲ್ಲಿಂದ ಅಲ್ಲಿಗೆ ಹರಿವಿಲ್ಲದ ಮೇಲೆ ಎರಡು ಕಡೆಯ ಬೆಲೆ ಸಮವಾಗಬೇಕೆಂಬ ನಿಯಮವೂ ಇಲ್ಲ. ಇವನ್ನು ಒಂದೇ ಕಂಬದಲ್ಲಿ ಕೂಡಿಸಿದ್ದರಿಂದಲೇ ನಮ್ಮ ಬೆಲೆಗಳು ಅಷ್ಟು ಚದುರಿ ಕಂಡದ್ದು.

ಎಲ್ಲಕ್ಕಿಂತ ಹೆಚ್ಚು ಚರ್ಚೆಯಾದದ್ದು ‘ಸ್ಥಿತಿ’ ಎಂಬ ಕಂಬ. ಮಾರಾಟವಾಯಿತು, ಮಾರಾಟವಾಗಲಿಲ್ಲ, ಹಿಂತೆಗೆದರು, ಮತ್ತೆ ಬಂತು, ಈ ನಾಲ್ಕರಲ್ಲಿ ಒಂದನ್ನು ಬರೆಯಲೇಬೇಕು. ತಾಣಗಳಲ್ಲಿ ಹಳೆಯ ಬೆಲೆ ಹುಡುಕಿದರೆ ಸಾಮಾನ್ಯವಾಗಿ ಕಾಣುವುದು ಮಾರಾಟವಾದವು. ಯಾರೂ ಕೂಗದೆ ಉಳಿದವು ಕಣ್ಣಿಗೆ ಬೀಳುವುದಿಲ್ಲ. ಎರಡು ಸಾವಿರಕ್ಕೆ ಐದು ಸಲ ಯಾರೂ ಮುಟ್ಟದ ನಾಣ್ಯ ಆರನೆಯ ಸಲ ಒಬ್ಬರಿಗೆ ಹೋದರೆ ದಾಖಲೆ ಎರಡು ಸಾವಿರ ಎನ್ನುತ್ತದೆ, ಐದು ನಿರಾಕರಣೆಗಳ ಸುಳಿವನ್ನೂ ಕೊಡುವುದಿಲ್ಲ. ಇದನ್ನು ಹಿಡಿದಿಡಲು ಇರುವ ಸಾಧನ ವಾಚ್‌ಲಿಸ್ಟ್ ಒಂದೇ: ಮೊದಲೇ ಗುರುತು ಹಾಕಿಕೊಂಡು, ಮುಗಿದ ಮೇಲೆ ಮರಳಿ ಹೋಗಿ ನೋಡಿದವರಿಗೆ ಮಾತ್ರ ಅದು ಸಿಗುತ್ತದೆ. ತಂತ್ರಾಂಶ ಮುಗಿದ ಲಾಟುಗಳನ್ನು ಮೂವತ್ತು ದಿನಕ್ಕೆ ತಾನೇ ಅಳಿಸುವ ಹೊಂದಿಕೆಯಲ್ಲಿತ್ತು. ಅದನ್ನು ನಿಲ್ಲಿಸಿದೆವು.

ಹರಾಜಿನ ಬೆಲೆ ಏನು ಹೇಳುತ್ತದೆ ಎಂಬುದನ್ನೂ ಆಗ ಕುಳಿತು ಯೋಚಿಸಿದೆವು. ಈ ತಾಣಗಳಲ್ಲಿ ನಾವು ನಮ್ಮ ಗರಿಷ್ಠ ಮಿತಿಯನ್ನು ಗುಟ್ಟಾಗಿ ಕೊಡುತ್ತೇವೆ, ಯಂತ್ರ ನಮ್ಮ ಪರವಾಗಿ ಒಂದೊಂದೇ ಮೆಟ್ಟಿಲು ಕೂಗುತ್ತದೆ. ಗೆದ್ದವರು ಕೊಡುವುದು ತಮ್ಮ ಹಿಂದೆ ನಿಂತವರ ಮಿತಿಗಿಂತ ಒಂದು ಮೆಟ್ಟಿಲು ಹೆಚ್ಚು. ಅಂದರೆ ದಾಖಲೆಯಾಗುವ ಬೆಲೆ ಬಹುಮಟ್ಟಿಗೆ ಸೋತವರ ಮನಸ್ಸಿನ ಅಳತೆ. ಅಮೆರಿಕದ ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ ಎರಡನೆಯ ಬೆಲೆಯ ಹರಾಜನ್ನು, ಎಂದರೆ ಗೆದ್ದವರು ತಮ್ಮ ನಂತರದವರು ಕೂಗಿದ ಬೆಲೆ ಕೊಡುವ ಹರಾಜನ್ನು, ಕುರಿತು 1961ರಲ್ಲಿ ಬರೆದರು: ಅಲ್ಲಿ ತನಗೆ ಆ ವಸ್ತು ಎಷ್ಟು ಬೆಲೆಯದೋ ಅಷ್ಟನ್ನೇ ಕೂಗುವುದು ಲಾಭದ ದಾರಿ. ಮೇಷ್ಟ್ರಿಗೆ ಇದು ಬಹಳ ಹಿಡಿಸಿತು. ಇಬ್ಬರು ಹಟಮಾರಿಗಳು ಒಂದೇ ಸಂಜೆ ಸೇರಿದರೆ ಬೆಲೆ ಮೂರು ಪಟ್ಟು, ಒಬ್ಬರಿಗೆ ಅಂದು ಜ್ವರ ಬಂದರೆ ಮೂರನೆಯ ಒಂದು. ಕೂಗಿದವರು ಎಷ್ಟು ಜನ ಎಂಬ ಅಂಕಿಯನ್ನೂ ಅಂದಿನಿಂದ ಬೆಲೆಯ ಪಕ್ಕದಲ್ಲಿ ಬರೆಯತೊಡಗಿದರು.

ವಾಚ್‌ಲಿಸ್ಟ್ ಎರಡಾಯಿತು. ಕೊಳ್ಳುವ ಪಟ್ಟಿಯಲ್ಲಿ ಯಾವಾಗಲೂ ಹನ್ನೆರಡಕ್ಕಿಂತ ಹೆಚ್ಚು ಸಾಲು ಇರಬಾರದು, ಎಚ್ಚರಿಕೆ ಇವಕ್ಕೆ ಮಾತ್ರ. ನೋಡುವ ಪಟ್ಟಿಗೆ ಮಿತಿಯಿಲ್ಲ, ಎಚ್ಚರಿಕೆಯೂ ಇಲ್ಲ. ವಾರಕ್ಕೊಮ್ಮೆ, ಭಾನುವಾರ ರಾತ್ರಿ, ಮುಗಿದವನ್ನು ದಾಖಲೆಗೆ ಸಾಗಿಸುವುದು. ಕೊಳ್ಳುವ ಪಟ್ಟಿಗೆ ನಾಣ್ಯ ಸೇರಿಸುವ ದಿನವೇ ಎಲ್ಲ ವೆಚ್ಚ ಸೇರಿದ ಮಿತಿಯನ್ನು ದಿನಾಂಕದೊಂದಿಗೆ ಬರೆಯಬೇಕು, ಹರಾಜಿನ ಕೊನೆಯ ದಿನ ಅದನ್ನು ತಿದ್ದುವಂತಿಲ್ಲ. ಹನ್ನೆರಡು ಎಂಬ ಸಂಖ್ಯೆ ಯಾವ ಲೆಕ್ಕದಿಂದಲೂ ಬಂದದ್ದಲ್ಲ. ಅವರ ಲ್ಯಾಪ್‌ಟಾಪಿನಲ್ಲಿ ಪುಟ ಸರಿಸದೆ ಕಾಣುವ ಸಾಲುಗಳು ಅಷ್ಟು.

ಆದದ್ದು

20 ಮಯಿಲಿ ಕಾಸಿನಲ್ಲಿ, ಮೇಷ್ಟ್ರು ಕೊಂಡ ಮಟ್ಟದ, ಭಾರತದೊಳಗೆ ನಿಜವಾಗಿ ಮಾರಾಟವಾದಂತೆ ಕಾಣುವ ಬೇರೆ ಬೇರೆ ನಾಣ್ಯಗಳು ಹೊಸ ದಾಖಲೆಯಲ್ಲಿ ಆರು. ಮಧ್ಯಾಂಕ 2,900 ರೂಪಾಯಿ. ಅವರು 2,300 ರೂಪಾಯಿ ಹೆಚ್ಚು ಕೊಟ್ಟಿದ್ದರು. ಆ ನಾಣ್ಯವನ್ನು ಮಾರಿಬಿಡುವ ಯೋಚನೆ ಒಮ್ಮೆ ಬಂದಿತ್ತು. ಮಾರಿದರೆ ಅದು ಐದನೆಯ ಬರವಾಗುತ್ತದೆ ಎಂದು ಅವರೇ ಬೇಡವೆಂದರು. ಈಗ ಅದು ಕ್ರಮಸಂಖ್ಯೆ 1 ಎಂಬ ಚೀಟಿಯೊಂದಿಗೆ ಪೆಟ್ಟಿಗೆಯಲ್ಲಿದೆ.

ಮುಂದಿನ ಒಂದು ವರ್ಷದಲ್ಲಿ 31 ಲಾಟುಗಳಿಗೆ ಮಿತಿ ಬರೆದರು. ಏಳು ಗೆದ್ದರು, 24 ಬಿಟ್ಟರು. ತಿಂಗಳ ಹಣ ಒಮ್ಮೆಯೂ ಮೀರಲಿಲ್ಲ. ಹೊರದೇಶದ ಗಡಿಯಾರದ ಲೆಕ್ಕವನ್ನು ತಂತ್ರಾಂಶಕ್ಕೇ ಬಿಟ್ಟು, ಕೈಯಾರೆ ಬರೆದ ವ್ಯತ್ಯಾಸವನ್ನು ತೆಗೆದದ್ದರಿಂದ ಸಮಯ ತಪ್ಪಿದ ಘಟನೆ ಮತ್ತೆ ಆಗಿಲ್ಲ.

ಒಂದು ಸೋಲು ಮಾತ್ರ ನಮ್ಮಿಬ್ಬರನ್ನೂ ಇನ್ನೂ ಕಾಡುತ್ತದೆ. 5 ಕಾಸಿನ ಚೊಕ್ಕ ನಾಣ್ಯವೊಂದು ಬಂದಿತ್ತು. ‘ಶ್ರೀ’ಯ ಒಂದು ಗೆರೆಯೂ ಸವೆದಿರಲಿಲ್ಲ. ದಾಖಲೆಯಲ್ಲಿ ಅದಕ್ಕೆ ಹೋಲುವುದು ಒಂದೇ ಇತ್ತು, ಅದೂ ಕಳಪೆ. ಅದರ ಮೇಲೆ ಲೆಕ್ಕ ಹಾಕಿ 1,800ರ ಮಿತಿ ಬರೆದರು. ನಾಣ್ಯ 1,900ಕ್ಕೆ ಹೋಯಿತು. ಆಮೇಲೆ ಅಂಥದ್ದು ನಮ್ಮ ಕಣ್ಣಿಗೆ ಬಿದ್ದಿಲ್ಲ. ಇಲ್ಲಿ ತಪ್ಪಿದ್ದು ಶಿಸ್ತಲ್ಲ, ಶಿಸ್ತನ್ನು ಅನ್ವಯಿಸಿದ ಜಾಗ. ಒಂದೇ ಬೆಲೆ ಇರುವಲ್ಲಿ ದಾಖಲೆಗೆ ಹೇಳಲು ಏನೂ ಇರುವುದಿಲ್ಲ, ಆದರೂ ಬರೆದಿಟ್ಟ ಅಂಕಿಯನ್ನು ಕಂಡರೆ ಮನಸ್ಸು ಅದಕ್ಕೆ ಅಂಟಿಕೊಳ್ಳುತ್ತದೆ. ಆದ್ದರಿಂದ ನಿಯಮಕ್ಕೆ ಒಂದು ತಿದ್ದುಪಡಿ ಸೇರಿಸಿದೆವು: ಒಂದೇ ಬಗೆಯ ಮೂರು ಬೇರೆ ಬೇರೆ ನಾಣ್ಯಗಳ ನಿಜವಾದ ಮಾರಾಟ ದಾಖಲೆಯಲ್ಲಿ ಇಲ್ಲದಿದ್ದರೆ ಬೆಲೆಯ ಕಂಬವನ್ನು ಮುಚ್ಚಿಟ್ಟು, ‘ಇದಕ್ಕೆ ನಾನು ಎಷ್ಟು ಕೊಟ್ಟರೆ ಆರು ತಿಂಗಳ ನಂತರವೂ ಬೇಸರವಾಗುವುದಿಲ್ಲ?’ ಎಂದು ಕೇಳಿಕೊಂಡು ಮಿತಿ ಬರೆಯುವುದು. ಅಪರೂಪದ ವಸ್ತುವಿನ ಸಂಗ್ರಾಹಕರಿಗೆ ಈ ತಿದ್ದುಪಡಿಯೇ ಮೂಲ ನಿಯಮಕ್ಕಿಂತ ಮುಖ್ಯವೆಂದು ನನಗೆ ಅನ್ನಿಸುತ್ತದೆ.

ಕೂಟದ ಇನ್ನಿಬ್ಬರು ಈ ಕ್ರಮವನ್ನು ತಮ್ಮ ಸಂಗ್ರಹಕ್ಕೆ ಅಳವಡಿಸಿಕೊಂಡಿದ್ದಾರೆ. ಒಬ್ಬರದು ಅಂಚೆಚೀಟಿ. ಅಲ್ಲಿ ಒಂದು ಚೀಟಿಯನ್ನು ಇನ್ನೊಂದರಿಂದ ಬೇರೆಯೆಂದು ಗುರುತಿಸುವುದು ಕಷ್ಟ, ಠಸ್ಸೆ ಬಿದ್ದ ಚೀಟಿಗಳಲ್ಲಿ ಮಾತ್ರ ಠಸ್ಸೆಯ ಜಾಗ ನೋಡಿ ಹೇಳಬಹುದು. ಹಾಗಾಗಿ ಅವರ ದಾಖಲೆ ಇನ್ನೂ ಅರ್ಧ ದಾರಿಯಲ್ಲಿದೆ.

ಕಳೆದ ತಿಂಗಳು ನಗರ್ ಟಂಕಸಾಲೆಯ ಪೈಸೆಯೊಂದು ದೊಡ್ಡ ತಾಣಕ್ಕೆ ಬಂತು. ಹೊಸ ಮಾರಾಟಗಾರರು, ಹೊಸ ಚಿತ್ರ, ಶೀರ್ಷಿಕೆಯಲ್ಲಿ ‘ಅತಿ ಅಪರೂಪ’, ಆರಂಭದ ಬೆಲೆ 2,500. ಆನೆಯ ಮುಂಗಾಲಿನ ಬಳಿ ಅಚ್ಚು ಎರಡು ಸಲ ಬಿದ್ದ ಗುರುತನ್ನು ಕಂಡು ಮೇಷ್ಟ್ರು ದಾಖಲೆ ತೆರೆದರು. ಕ್ರಮಸಂಖ್ಯೆ 41. ಹಿಂದೆ ಎರಡು ಸಲ ಬಂದಿತ್ತು: ಒಮ್ಮೆ 900ಕ್ಕೆ ಯಾರೂ ಕೂಗಿರಲಿಲ್ಲ, ಒಮ್ಮೆ ನಡುವೆಯೇ ಹಿಂತೆಗೆದಿದ್ದರು. ಅವರು ಅದನ್ನು ನೋಡುವ ಪಟ್ಟಿಗೆ ಮಾತ್ರ ಸೇರಿಸಿದರು. ಭಾನುವಾರ ರಾತ್ರಿ ಊಟ ಮುಗಿಸಿ ಕುಳಿತು, ಎರಡೂ ಬದಿಯ ಚಿತ್ರಗಳನ್ನು ಉಳಿಸಿಕೊಂಡು, 41ರ ಕೆಳಗೆ ಮೂರನೆಯ ಸಾಲು ಬರೆದರು: ದಿನಾಂಕ, ಆರಂಭ 2,500, ಕೂಗಿದವರು ಸೊನ್ನೆ, ಮಾರಾಟವಾಗಲಿಲ್ಲ.